ಗಣಿಯ ಗಾಯಕ್ಕೆ ಪೊದೆಯ ಲೆಕ್ಕ

ದವನದ ಹುಣ್ಣಿಮೆಯ ಹೊತ್ತಿಗೆ ಹೂವಿನ ಅಂಗಡಿಗಳಲ್ಲಿ ಘಮಘಮಿಸುವ ದವನ ನಮಗೆಲ್ಲ ಗೊತ್ತು. ಅದೇ ‘ಆರ್ಟಿಮೀಸಿಯಾ’ ಕುಲಕ್ಕೆ ಸೇರಿದ ಇನ್ನೊಂದು ಗಿಡ ಅಮೆರಿಕದ ಪಶ್ಚಿಮ ರಾಜ್ಯಗಳ ಒಣಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹಬ್ಬಿದೆ. ಹೆಸರು ಸೇಜ್‌ಬ್ರಷ್. ಬೂದಿ ಬಳಿದಂಥ ಹಸಿರೆಲೆ, ತುದಿಯಲ್ಲಿ ಮೂರು ಹಲ್ಲು, ಹೊಸಕಿದರೆ ಕಟುವಾದ ಪರಿಮಳ. ನೆವಾಡದ ರಾಜ್ಯಪುಷ್ಪವೂ ಇದೇ.

ನೋಡಲು ಅಷ್ಟೇನೂ ಚೆಲುವಿಲ್ಲದ ಈ ಪೊದೆಯನ್ನು ಒಂದೊಂದಾಗಿ ಎಣಿಸುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ ಎಂದರೆ ನಂಬುತ್ತೀರಾ? ಕಲ್ಲಿದ್ದಲು ಕಂಪನಿಗೆ ಅದರ ಠೇವಣಿ ಹಣ ಹಿಂದಿರುಗಬೇಕೋ ಬೇಡವೋ ಎಂಬುದು ಅವರ ಲೆಕ್ಕದ ಮೇಲೆ ನಿಂತಿದೆ.

ವಯೊಮಿಂಗ್ ರಾಜ್ಯದ ಪೌಡರ್ ನದಿ ಬಯಲಿನಲ್ಲಿ ಕಲ್ಲಿದ್ದಲ ಪದರ ನೆಲಕ್ಕೆ ತೀರ ಹತ್ತಿರ. ಕೆಲವೆಡೆ 20 ಮೀಟರಿಗೂ ಮೀರಿದ ದಪ್ಪ. ಆದ್ದರಿಂದ ಸುರಂಗ ಕೊರೆಯದೆ ಮೇಲಿನ ನೆಲವನ್ನೇ ಬಗೆದು ತೆಗೆಯುತ್ತಾರೆ. 1977ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು, ಗುಂಡಿ ಮುಚ್ಚಿದ ಮೇಲೆ ಮತ್ತೆ ಹರಡಿ, ಸಸ್ಯ ಬೆಳೆಸಬೇಕು. ವರ್ಷಕ್ಕೆ 26 ಅಂಗುಲಕ್ಕಿಂತ ಹೆಚ್ಚು ಮಳೆ ಬೀಳದ ಕಡೆ ಬಿತ್ತನೆಯಾದ ಮೇಲೂ ಕನಿಷ್ಠ 10 ವರ್ಷ ಹೊಣೆ ಕಂಪನಿಯದೇ. ಠೇವಣಿ ಬಿಡುಗಡೆಯಾಗುವುದು ಕಂತು ಕಂತಾಗಿ.

ಇನ್ನು ಲೆಕ್ಕದ ವಿಷಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ನೆಲ ಹಾಗಲ್ಲ, ಇಲ್ಲಿ ದಟ್ಟ, ಅಲ್ಲಿ ಬೋಳು. ಚೆನ್ನಾಗಿರುವ ಜಾಗವನ್ನೇ ಆರಿಸಿಕೊಳ್ಳುವ ಆಸೆ ಯಾರಿಗಿಲ್ಲ! ಅದಕ್ಕೇ ಅಳೆಯುವ ಜಾಗಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಅಲ್ಲಿ 50 ಮೀಟರ್ ಟೇಪು ಎಳೆದು, ಅದರ ಮೇಲೆ ಪೊದೆಗಳ ತಲೆ ಎಷ್ಟೆಷ್ಟು ಉದ್ದ ಚಾಚಿದೆಯೆಂದು ಬರೆದುಕೊಳ್ಳುತ್ತಾರೆ. ಒಟ್ಟು 9 ಮೀಟರ್ ಬಂತೆನ್ನಿ, ಪೊದೆಯ ಹೊದಿಕೆ ಶೇಕಡ 18. ಅದೇ ಟೇಪಿನ ಪಕ್ಕ 2 ಮೀಟರ್ ಅಗಲದ ಪಟ್ಟಿಯಲ್ಲಿ ಗಿಡಗಳನ್ನು ಎಣಿಸಿದಾಗ 63 ಸಿಕ್ಕರೆ? ಪಟ್ಟಿಯ ವಿಸ್ತೀರ್ಣ 100 ಚದರ ಮೀಟರ್. ಅಂದರೆ ಮೀಟರಿಗೆ ಒಂದು ಗಿಡವೂ ಇಲ್ಲ. ಗಣಿಯಿಂದ ಕೆಟ್ಟ ನೆಲದ ಶೇಕಡ 20ರಷ್ಟರಲ್ಲಾದರೂ ಚದರ ಮೀಟರಿಗೊಂದು ಪೊದೆ ಇರಬೇಕೆಂಬುದು ವಯೊಮಿಂಗ್ ನಿಯಮ. ಹುಲ್ಲಿಗೆ ಬೇರೆ ವಿಧಾನ. 20 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಚೌಕಟ್ಟನ್ನು ನೆಲಕ್ಕಿಟ್ಟು ಯಾವ ಜಾತಿ ಎಷ್ಟು ಜಾಗ ಹಿಡಿದಿದೆ ಎಂದು ಅಂದಾಜು ಮಾಡುತ್ತಾರೆ. ಮೇವು ಎಷ್ಟೆಂದು ತಿಳಿಯಬೇಕಾದರೆ ಹುಲ್ಲನ್ನು ಕತ್ತರಿಸಿ, ಒಣಗಿಸಿ ತೂಗುತ್ತಾರೆ. ಈ ಅಂಕಿಗಳನ್ನೆಲ್ಲ ಗಣಿ ಮುಟ್ಟದ ಪಕ್ಕದ ನೆಲದ ಅಂಕಿಗಳ ಜೊತೆ ಹೋಲಿಸುವುದುಂಟು.

ಹುಲ್ಲುಗಾವಲಿಗೂ ನಮ್ಮ ಪರೀಕ್ಷೆಗಳಂತೆ ದರ್ಜೆ ಕೊಡುವ ಪದ್ಧತಿಯನ್ನು 1949ರಲ್ಲಿ ಡಿಕ್‌ಸ್ಟರ್‌ಹೈಸ್ ಎಂಬ ವಿಜ್ಞಾನಿ ರೂಪಿಸಿದರು. ಮೂಲ ಸಸ್ಯಸಮೂಹದ 75ಕ್ಕಿಂತ ಹೆಚ್ಚು ಅಂಶ ಉಳಿದಿದ್ದರೆ ಅತ್ಯುತ್ತಮ, 25ಕ್ಕಿಂತ ಕಡಿಮೆಯಾದರೆ ಕಳಪೆ. ದನಗಳ ಕಾಟ ತಪ್ಪಿಸಿದರೆ ನೆಲ ತಾನಾಗಿ ಮೇಲಿನ ದರ್ಜೆಗೆ ಏರುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು. ಸೇಜ್‌ಬ್ರಷ್ ಬಯಲಿನಲ್ಲಿ ಅದು ಸುಳ್ಳಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದು ಸೇರಿದ ಚೀಟ್‌ಗ್ರಾಸ್ ಎಂಬ ಹುಲ್ಲು ಬೇಸಿಗೆಗೆ ಮುಂಚೆಯೇ ಒಣಗಿ ಬೆಂಕಿಗೆ ಸೌದೆಯಾಗುತ್ತದೆ. ಸುಟ್ಟ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ. ಚೀಟ್‌ಗ್ರಾಸ್ ಮಾತ್ರ ಮರುವರ್ಷ ಹಾಜರು. ಒಮ್ಮೆ ಹೊಸ್ತಿಲು ದಾಟಿದ ನೆಲ ಹಿಂದಕ್ಕೆ ಬರುವುದೇ ಇಲ್ಲವೆನ್ನಬಹುದು. 1989ರಲ್ಲಿ ವೆಸ್ಟ್‌ಬಿ, ವಾಕರ್ ಮತ್ತು ನೊಯ್-ಮೇಯರ್ ಇದನ್ನೇ ವಾದಿಸಿದರು. ಈಗ ಗಿಡದ ಜೊತೆಗೆ ಮಣ್ಣನ್ನೂ ನೋಡುತ್ತಾರೆ: ನೀರು ಕೊರೆದ ಕಿರುಗಾಲುವೆ ಎಷ್ಟು, ಬೋಳು ತೇಪೆ ಎಷ್ಟು, ಹುಲ್ಲಿನ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಎದ್ದಿದೆಯೇ.

ಗಣಿಯ ನೆಲದಲ್ಲಿ ಹುಲ್ಲು ಬೇಗ ಬರುತ್ತದೆ, ಪೊದೆ ಬರುವುದಿಲ್ಲ. ಸೇಜ್‌ಬ್ರಷ್ ಬೀಜ ಧೂಳಿನಷ್ಟು ಸಣ್ಣದು, ಹೆಚ್ಚು ಕಾಲ ಜೀವ ಹಿಡಿದಿರುವುದಿಲ್ಲ. ಮೇಲ್ಮಣ್ಣನ್ನು ವರ್ಷಗಟ್ಟಲೆ ರಾಶಿ ಹಾಕಿದರೆ ಬೇರಿಗೆ ನೆರವಾಗುವ ಶಿಲೀಂಧ್ರ ಕ್ಷೀಣಿಸುತ್ತದೆ. ಮಣ್ಣು ಕೊಚ್ಚಿಹೋಗದಿರಲೆಂದು ಹುಲ್ಲನ್ನು ದಟ್ಟವಾಗಿ ಬಿತ್ತಿದರೆ ಪೊದೆಯ ಸಸಿಗೆ ನೀರಿಲ್ಲ. ಒಂದು ನಿಯಮ ಪಾಲಿಸಲು ಹೋಗಿ ಇನ್ನೊಂದರಲ್ಲಿ ಸೋತಂತೆ!

ಪೊದೆ ಬರದಿದ್ದರೆ ನಷ್ಟ ಯಾರಿಗೆ? ಸೇಜ್ ಗ್ರೌಸ್ ಎಂಬ ಕೋಳಿಯಂಥ ಹಕ್ಕಿಗೆ. ಗಟ್ಟಿ ಕಾಳು ಅರೆಯುವ ಶಕ್ತಿ ಅದರ ಹೊಟ್ಟೆಗಿಲ್ಲ. ಚಳಿಗಾಲದಲ್ಲಿ ಸೇಜ್‌ಬ್ರಷ್ ಎಲೆಯೇ ಅದರ ಊಟ. ಅಳಿವಿನಂಚಿನ ಪಟ್ಟಿಗೆ ಇದನ್ನು ಸೇರಿಸುವ ಅಗತ್ಯವಿಲ್ಲವೆಂದು ಅಮೆರಿಕ ಸರ್ಕಾರ 2015ರಲ್ಲಿ ಹೇಳಿತು. ಆದರೆ ಹಿಮದಿಂದ ಮೇಲೆ ತಲೆ ಎತ್ತದ ಪುಟ್ಟ ಸಸಿ ಲೆಕ್ಕದ ಪುಸ್ತಕದಲ್ಲಿ ಒಂದು ಗಿಡ, ಹಕ್ಕಿಯ ಪಾಲಿಗೆ ಸೊನ್ನೆ. ಮೀಟರಿಗೊಂದು ಪೊದೆ ಎಂಬುದು ಪಾಸು ಅಂಕ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

‘ಸಸ್ಯಶಾಸ್ತ್ರ ಓದಿದರೆ ಏನು ಕೆಲಸ ಸಿಗುತ್ತೆ?’ ಎಂದು ಕೇಳುವ ತಂದೆತಾಯಿಗಳಿಗೆ ಒಂದು ಮಾತು. ಗಣಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಈ ಕೆಲಸಕ್ಕೆ ಬೇಕಾದವರು ಇಂಥವರೇ: ಹೂ ಬಿಡದ ಹುಲ್ಲನ್ನು ಎಲೆಯಿಂದಲೇ ಗುರುತಿಸಬಲ್ಲವರು, ಸಂಖ್ಯಾಶಾಸ್ತ್ರಕ್ಕೆ ಹೆದರದವರು, ಮತ್ತು ಬಿಸಿಲಲ್ಲಿ ದಿನವಿಡೀ ಬಗ್ಗಿ ನಡೆಯಬಲ್ಲವರು.