ಮಳೆಯ ಸದ್ದಿನಲ್ಲೂ ಮಾತು ತಿಳಿಯಲಿ: ಧ್ವನಿಮುದ್ರಿತ ಪ್ರಕಟಣೆಗಳನ್ನು ಸಿದ್ಧಪಡಿಸುವ ಕ್ರಮ

2019ರ ಆಗಸ್ಟ್ ತಿಂಗಳ ಮಹಾಮಳೆಗೆ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಪರಿಸರದಲ್ಲಿ ಗುಡ್ಡ ಕುಸಿದು ಹೊಳೆಗಳು ದಿಕ್ಕು ತಪ್ಪಿ ಹರಿದವು. ಅದೇ ದಿನಗಳಲ್ಲಿ ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿ ತಗ್ಗು ಪ್ರದೇಶಗಳು ಜಲಾವೃತವಾದವು. ಇಂತಹ ಹೊತ್ತಿನಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದರೆ ಗ್ರಾಮ ಪಂಚಾಯತಿಗೆ ಉಳಿಯುವ ಸಾಧನ ಮೈಕ್ ಕಟ್ಟಿದ ಆಟೋರಿಕ್ಷಾ ಅಥವಾ ಜೀಪು. ಆದರೆ ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಮನೆಯೊಳಗಿರುವವರಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವ ಕೆಲಸ ಧ್ವನಿಮುದ್ರಣಕ್ಕಿಂತ ಮೊದಲೇ ಆರಂಭವಾಗಬೇಕು.

ಧ್ವನಿ ಹೆಚ್ಚಿಸಿದರೆ ಸಾಲದು ಏಕೆ?

ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಕ, ಚ, ತ, ಪ, ಸ ಮುಂತಾದ ವ್ಯಂಜನಗಳಿಗೆ ಬಲ ಕಡಿಮೆ. ಆದರೆ ಒಂದು ಪದವನ್ನು ಮತ್ತೊಂದರಿಂದ ಬೇರ್ಪಡಿಸುವ ಕೆಲಸವನ್ನು ಬಹುಪಾಲು ಮಾಡುವುದು ಈ ವ್ಯಂಜನಗಳೇ. ಗದ್ದಲ ಮೊದಲು ನುಂಗುವುದೂ ಅವುಗಳನ್ನೇ. ವಯೋಸಹಜವಾಗಿ ಕಿವಿ ಮಂದವಾದವರಿಗೆ ತೀಕ್ಷ್ಣ ಧ್ವನಿಗಳು ಮೊದಲು ಕೈತಪ್ಪುವುದರಿಂದ ಅವರ ಕಷ್ಟ ಇಮ್ಮಡಿ.

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ಅಂತರದಲ್ಲಿ 100 ಡೆಸಿಬೆಲ್ ಇರುವ ಸ್ಪೀಕರಿನ ಧ್ವನಿ 100 ಮೀಟರ್ ದೂರದಲ್ಲಿ 60 ಡೆಸಿಬೆಲ್‌ಗೆ, ಅಂದರೆ ಎದುರುಬದುರು ಕುಳಿತವರ ಸಾಮಾನ್ಯ ಮಾತಿನ ಮಟ್ಟಕ್ಕೆ ಬರುತ್ತದೆ. ಹಾಗೆಂದು ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಏರಿಸಿದರೆ ಧ್ವನಿ ಒಡೆದು, ಉಳಿದಿದ್ದ ವ್ಯಂಜನಗಳೂ ಕಲಸಿಹೋಗುತ್ತವೆ.

ವಾಕ್ಯದ ಕೊನೆಯಲ್ಲಿರುವ ಅಪಾಯ

ಕನ್ನಡದಲ್ಲಿ ನಿಷೇಧದ ಅರ್ಥ ವಾಕ್ಯದ ತುದಿಯಲ್ಲಿ ಬರುತ್ತದೆ. "ದಾಟಬಹುದು" ಮತ್ತು "ದಾಟಬಾರದು" ಎಂಬ ಮಾತುಗಳ ಆರಂಭ ಒಂದೇ. ತುಳುವಿನ "ಪೋವೊಡು", "ಪೋವೊಡ್ಚಿ" ಎಂಬವುಗಳಲ್ಲಿಯೂ ವ್ಯತ್ಯಾಸವಿರುವುದು ಕೊನೆಯಲ್ಲಿಯೇ. ಓದುವವರ ದನಿ ಸಹಜವಾಗಿ ಇಳಿಯುವುದೂ ವಾಕ್ಯದ ಕೊನೆಯಲ್ಲಿ. ಆ ತುಣುಕನ್ನು ಮಳೆ ನುಂಗಿದರೆ, ಹೋಗಬೇಡಿ ಎಂಬ ಸೂಚನೆ ಹೋಗಿ ಎಂದು ಕೇಳಿಸುವ ಸಂಭವವಿದೆ.

ಆದ್ದರಿಂದ ಎಚ್ಚರಿಕೆಯ ಅರ್ಥವನ್ನು ಕ್ರಿಯಾಪದದ ತುದಿಗೆ ಬಿಡದೆ, ಸ್ವತಂತ್ರ ಪದದಲ್ಲಿ ಹೇಳುವುದು ಕ್ಷೇಮ. "ನೀರಿನ ಮಟ್ಟ ಏರಿಕೆಯಾಗುತ್ತಿರುವ ಹಿನ್ನೆಲೆಯಲ್ಲಿ ಸಾರ್ವಜನಿಕರು ಸದರಿ ಸೇತುವೆಯಲ್ಲಿ ಸಂಚರಿಸಬಾರದಾಗಿ ತಿಳಿಯಪಡಿಸಲಾಗಿದೆ" ಎಂಬುದು ಕಡತಕ್ಕೆ ಒಪ್ಪುವ ವಾಕ್ಯ. ಮೈಕಿಗೆ ಒಪ್ಪುವುದು ಹೀಗೆ: "ಹೊಳೆಬದಿಯ ಮನೆಯವರು ಗಮನಿಸಿ. ಹೊಳೆ ಏರುತ್ತಿದೆ. ಸೇತುವೆ ಬಂದ್. ಸೇತುವೆ ಬಂದ್. ಕೂಡಲೇ ಶಾಲೆಗೆ ಬನ್ನಿ."

ಯಾರಿಗೆ ಎಂಬುದು ಮೊದಲು ಬಂದರೆ ಕೇಳುಗರು ಕಿವಿಗೊಡುತ್ತಾರೆ. ಅಂಕಿಗಳಲ್ಲಿಯೂ ಎಚ್ಚರ ಬೇಕು. ಇಪ್ಪತ್ತು, ಎಪ್ಪತ್ತು ಎಂಬವು ಗದ್ದಲದಲ್ಲಿ ಒಂದೇ ಆಗಿ ಕೇಳಬಹುದು. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಎಂಬುದು ಅಧಿಕಾರಿಗಳಿಗೆ ಅಗತ್ಯ. ಮನೆಯವರಿಗೆ ಬೇಕಾದುದು ನೀರು ಯಾವ ಕಟ್ಟೆ, ಯಾವ ರಸ್ತೆಯವರೆಗೆ ಬಂದಿದೆ ಎಂಬ ಮಾತು.

ಮುದ್ರಿಸುವ ಕ್ರಮ

ಖಾಲಿ ಸಭಾಭವನದಲ್ಲಿ ಮುದ್ರಿಸಿದರೆ ಪ್ರತಿಧ್ವನಿಯೂ ಮುದ್ರಿತವಾಗುತ್ತದೆ. ಬಟ್ಟೆಬರೆ, ಹಾಸಿಗೆಗಳಿರುವ ಸಣ್ಣ ಕೋಣೆ ಉತ್ತಮ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಹಿಡಿದರೆ ಪ, ಬ, ಫ ಅಕ್ಷರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಓದುವವರು ಕಿರುಚದೆ, ನಿಧಾನವಾಗಿ, ವಾಕ್ಯದ ಕೊನೆಯವರೆಗೂ ದನಿ ಇಳಿಸದೆ ಓದಬೇಕು. ಹಿನ್ನೆಲೆ ಸಂಗೀತವೆಂದರೆ ಪಂಚಾಯತಿಯೇ ಸೇರಿಸಿದ ಗದ್ದಲ, ಅದು ಬೇಡ.

ಮುದ್ರಿಕೆಯನ್ನು ತಿದ್ದುವ ಅನುಕೂಲವಿದ್ದಲ್ಲಿ ಎರಡು ಕೆಲಸಗಳು ಸಾಕು. ಒಂದು, ಬಾಸ್ ಇಳಿಸಿ ಟ್ರೆಬಲ್ ತುಸು ಏರಿಸುವುದು. ಇದರಿಂದ ಗುಂಯ್‌ಗುಡುವಿಕೆ ತಗ್ಗಿ ವ್ಯಂಜನಗಳು ಎದ್ದು ಕೇಳುತ್ತವೆ. ಎರಡು, ಕಂಪ್ರೆಷನ್ ಎಂಬ ವಿಧಾನದಿಂದ ಜೋರು ಮತ್ತು ಮೆಲು ದನಿಗಳ ಅಂತರವನ್ನು ಕುಗ್ಗಿಸುವುದು. ಇದರಿಂದ ಮೆಲ್ಲಗೆ ಉಚ್ಚರಿಸಿದ ಪದವೂ ಉಳಿಯುತ್ತದೆ. ಆದರೆ ಫ್ಯಾನಿನ ಸದ್ದು ಮುದ್ರಿತವಾಗಿದ್ದರೆ ಅದೂ ಜೊತೆಗೆ ಮೇಲೇಳುತ್ತದೆ. ಹಾಗಾಗಿ ಮೂಲ ಮುದ್ರಣ ಸ್ವಚ್ಛವಾಗಿರುವುದು ಮುಖ್ಯ.

ಬಿತ್ತರಿಸುವ ಕ್ರಮ

ಗಂಟೆಗೆ 20 ಕಿ.ಮೀ. ವೇಗದ ವಾಹನ 30 ಸೆಕೆಂಡುಗಳಲ್ಲಿ ಸುಮಾರು 165 ಮೀಟರ್ ಸಾಗುತ್ತದೆ. ಒಂದು ಮನೆಗೆ ಆರಂಭ, ಮುಂದಿನ ಮನೆಗೆ ಅಂತ್ಯ ಮಾತ್ರ ಕೇಳುತ್ತದೆ. ವಾಹನ ನಿಲ್ಲಿಸಿ, ಎಂಜಿನ್ ಆರಿಸಿ, ಪ್ರಕಟಣೆಯನ್ನು ಎರಡು ಬಾರಿ ಪೂರ್ಣವಾಗಿ ಕೇಳಿಸಿ ಮುಂದೆ ಸಾಗುವುದು ಸೂಕ್ತ. ಮೂಡುಬಿದಿರೆ ತಾಲೂಕಿನ ಬೆಳುವಾಯಿ, ಶಿರ್ತಾಡಿಯಂತಹ ಪೇಟೆಗಳಲ್ಲಿ ವಾಹನ ದಟ್ಟಣೆಯ ಅಡ್ಡರಸ್ತೆಗಿಂತ ತುಸು ಒಳಗೆ ನಿಂತರೆ ಮಾತು ಸ್ಪಷ್ಟವಾಗುತ್ತದೆ. ಕನ್ನಡದೊಂದಿಗೆ ತುಳುವಿನಲ್ಲಿಯೂ, ಅಗತ್ಯವಿರುವ ವಾರ್ಡುಗಳಲ್ಲಿ ಬ್ಯಾರಿ, ಕೊಂಕಣಿಯಲ್ಲಿಯೂ ಪ್ರತ್ಯೇಕ ಮುದ್ರಿಕೆಗಳಿರುವುದು ಒಳಿತು.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಅಗತ್ಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಅದರ ಬಳಕೆ ನಿಷಿದ್ಧ; ಸಾರ್ವಜನಿಕ ತುರ್ತುಸ್ಥಿತಿಗೆ ವಿನಾಯಿತಿಯಿದೆ. ಸಾಮಾನ್ಯ ಪ್ರಕಟಣೆಗಳಿಗೂ ಇದೇ ವಿನಾಯಿತಿ ಇದೆಯೆಂದು ಭಾವಿಸಬಾರದು.

ಪರೀಕ್ಷೆ

ಮುದ್ರಿಕೆ ಸಿದ್ಧವಾದ ಮೇಲೆ, ಅದರ ವಿಷಯ ತಿಳಿಯದ ಒಬ್ಬ ಹಿರಿಯರನ್ನು ಮಳೆ ಬರುವಾಗ ಶೀಟಿನ ಮಾಡಿನಡಿ ಕೂರಿಸಿ, ರಸ್ತೆಯಿಂದ ಒಮ್ಮೆ ಕೇಳಿಸಬೇಕು. ಯಾರಿಗೆ, ಏನಾಗಿದೆ, ಎಲ್ಲಿಗೆ ಹೋಗಬೇಕು ಎಂಬ ಮೂರನ್ನೂ ಅವರು ತಪ್ಪಿಲ್ಲದೆ ಹೇಳಿದರೆ ಮುದ್ರಿಕೆ ಬಳಕೆಗೆ ಯೋಗ್ಯ. ಇಲ್ಲವಾದರೆ ಮೊದಲು ವಾಕ್ಯವನ್ನು ತಿದ್ದಬೇಕು, ಬಳಿಕ ಧ್ವನಿಯನ್ನು. ಕಿವಿ ಕೇಳಿಸದವರಿರುವ ಮನೆಗಳ ಪಟ್ಟಿಯನ್ನು ವಾರ್ಡುವಾರು ಮೊದಲೇ ಮಾಡಿಟ್ಟು, ಅಲ್ಲಿಗೆ ಮುಖತಃ ತಿಳಿಸುವವರನ್ನು ಗೊತ್ತುಪಡಿಸಬೇಕು. ಈ ಕೆಲಸಗಳು ಮುಂಗಾರಿಗೆ ಮುನ್ನಿನ ಮೊದಲ ಮಳೆಗಳಲ್ಲಿಯೇ ಮುಗಿದರೆ, ಹೊಳೆ ಏರಿದ ದಿನ ಪಂಚಾಯತಿಯ ಮಾತು ಜನರನ್ನು ತಲುಪೀತು.