ಹಾತೆ ಬಾವಲಿ ಮರಿಯಲ್ಲ

ಮಳೆಗಾಲದ ರಾತ್ರಿ ಅಂಕೋಲೆಯ ಬೊಬ್ರುವಾಡದ ಮನೆಯೊಂದರ ಜಗಲಿ ದೀಪಕ್ಕೆ ಅಂಗೈ ಮೀರುವ ಕಂದು ಹಾತೆ ಬಂದು ಗೋಡೆಗೆ ಕೂತರೆ, ‘ಬಾವಲಿ ಮರಿ’ ಎಂದು ಪೊರಕೆ ಹುಡುಕುವವರಿದ್ದಾರೆ. ದಯವಿಟ್ಟು ಹೊಡೆಯಬೇಡಿ. ಅದು ಅಟ್ಲಾಸ್ ಪತಂಗ. ರೆಕ್ಕೆ ಬಿಚ್ಚಿದರೆ ಸುಮಾರು 24 ಸೆಂಟಿಮೀಟರ್ ಅಗಲ. ರೆಕ್ಕೆಯ ತುದಿ ಹಾವಿನ ತಲೆಯಂತೆ ಕಂಡರೂ ಅದರಲ್ಲಿ ವಿಷವಿಲ್ಲ. ಕಚ್ಚೋಣವೆಂದರೆ ಕೆಲಸಕ್ಕೆ ಬರುವ ಬಾಯಿಯೂ ಇಲ್ಲ. ಹುಳುವಾಗಿದ್ದಾಗ ದಾಲ್ಚಿನ್ನಿಯಂಥ ಮರದ ಎಲೆ ತಿಂದು ಕೂಡಿಟ್ಟ ಕೊಬ್ಬಿನ ಮೇಲೆಯೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ದೊಡ್ಡ ಹಣ್ಣುಬಾವಲಿಯ ಮರಿಯಾದರೋ ಮೊದಲ ಕೆಲವು ವಾರ ತಾಯಿಯ ಎದೆ ಬಿಟ್ಟು ಅಲುಗುವುದಿಲ್ಲ.

ಬಾವಲಿ ಹಕ್ಕಿಯೂ ಅಲ್ಲ. ಮರಿಗೆ ಮೊಲೆಯುಣಿಸುವ ಪ್ರಾಣಿ. ಅದರ ರೆಕ್ಕೆ ಎಂದರೆ ಉದ್ದನೆಯ ಬೆರಳುಗಳ ನಡುವೆ ಹಾಸಿದ ತೊಗಲು. ಕಣ್ಣು ಕಾಣದೆಂಬ ಮಾತೂ ಸುಳ್ಳು: ನಮ್ಮ ದೊಡ್ಡ ಹಣ್ಣುಬಾವಲಿ ಹಣ್ಣು ಹುಡುಕುವುದೇ ಕಣ್ಣು, ಮೂಗಿನಿಂದ. ಸದ್ದಿನ ಮಾರ್ದನಿ ಹಿಡಿದು ಹಾತೆ ಬೇಟೆಯಾಡುವುದು ಬೇರೆ, ಸಣ್ಣ ಬಾವಲಿಗಳು.

ಎಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ‘ಮರದ ತುಂಬ ನೇತಾಡುತ್ತಿವೆ, ನಾಲ್ಕು ಹೊಡೆದರೆ ಏನಾಯಿತು?’ ಶಾಂತಸಾಗರದ ಗುವಾಮ್ ದ್ವೀಪದಲ್ಲೂ ಇಂಥದೇ ಸಣ್ಣ ಹಣ್ಣುಬಾವಲಿಯೊಂದಿತ್ತು. ಮಾಂಸಕ್ಕಾಗಿ ಬೇಟೆಯಾಡಿದರು, ಹೊರಗಿನಿಂದ ಬಂದ ಮರದ ಹಾವೂ ಆ ದ್ವೀಪದ ಕಾಡನ್ನು ಬರಿದು ಮಾಡಿತು. 1968ರ ನಂತರ ಆ ಬಾವಲಿ ಖಚಿತವಾಗಿ ಕಂಡದ್ದಿಲ್ಲ. 2023ರಲ್ಲಿ ಅಮೆರಿಕ ಅದನ್ನು ಅಳಿದ ಜೀವಿ ಎಂದು ಅಧಿಕೃತವಾಗಿ ಸಾರಿತು.

ಇಲ್ಲಿ ಹಾತೆಯನ್ನೂ ಬಾವಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಾತೆ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ದೊಡ್ಡ ಹಣ್ಣುಬಾವಲಿ ಹೆರುವುದು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ನಾಲ್ಕು ತಾಯಿಬಾವಲಿ ಸತ್ತರೆ ಆ ಗುಂಪು ಆ ಕೊರತೆಯನ್ನು ತುಂಬಿಕೊಳ್ಳಲು ವರ್ಷಗಳೇ ಬೇಕು.

ಅಂಕೋಲೆಯ ಕರಿ ಇಶಾಡ ಮಾವಿನ ತೋಟದವರಿಗೆ ಬಾವಲಿಯಿಂದಾಗುವ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಕೂಡ ಹಣ್ಣುಬಾವಲಿಯನ್ನು ಉಪದ್ರವಿಗಳ ಪಟ್ಟಿಗೇ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಬಾವಲಿಯಿಂದ ಬರಬಹುದಾದ ನಿಪಾ ಸೋಂಕಿನ ಹೆದರಿಕೆಯೂ ಬರಿಯ ಭ್ರಮೆಯಲ್ಲ, ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ತಿನ್ನಬಾರದು. ಆದರೆ ಗೂಡುಮರ ಕಡಿದು ಅವನ್ನು ಚೆದುರಿಸುವುದು ಅದಕ್ಕೆ ಮದ್ದಲ್ಲ.

ಬಾವಲಿಯಿಂದ ನಷ್ಟವಷ್ಟೇ ಅಲ್ಲ, ಉಪಕಾರವೂ ಇದೆ. ಕರಾವಳಿಯ ಹೊನ್ನೆಮರದ ಕಾಯಿಯನ್ನು ಹೊತ್ತೊಯ್ದು, ಸಿಪ್ಪೆ ಮೆದ್ದು, ಗಟ್ಟಿ ಬೀಜವನ್ನು ದೂರ ಉದುರಿಸುವುದು ಇದೇ ಬಾವಲಿ. ಕರೆಂಟಿಲ್ಲದ ದಿನಗಳಲ್ಲಿ ಆ ಬೀಜದ ಎಣ್ಣೆಯಲ್ಲೇ ಮನೆಯ ದೀಪ ಉರಿಯುತ್ತಿತ್ತು.