ನಾರ್ವೆಯ ಮುಖ, ನಾರ್ವದ ಮಳೆ

ನಾರ್ವದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಬರೆದ ಪತ್ರವು ನನ್ನ ಮುಂದಿದೆ. ಮಳೆಯ ವಿಧಗಳು ಮೂರೆಂದೂ, ಅವುಗಳಲ್ಲಿ ಆವರ್ತ ಮಳೆಯು ಉಷ್ಣ ವಾಯುಮುಖ ಮತ್ತು ಶೀತ ವಾಯುಮುಖಗಳಿಂದ ಉಂಟಾಗುವುದೆಂದೂ ಭೂಗೋಳದಲ್ಲಿ ಓದಿಕೊಂಡ ಆತನು, ‘ನಮ್ಮೂರಿಗೆ ಬರುವುದು ಯಾವ ಮುಖ? ಮಕ್ತಲದ ಕಡೆಯಿಂದ ಬರುತ್ತದೆಯೋ, ಗದ್ವಾಲದ ಕಡೆಯಿಂದಲೋ? ನಮ್ಮ ಮುತ್ಯಾನನ್ನು ಕೇಳಿದರೆ, ಮೋಡಕ್ಕ ಮೋಡ ಹಾಯ್ದರ ಮಳಿ ಬರ್ತದ ಅಂತಾರ’ ಎಂದು ಬರೆದಿದ್ದಾನೆ. ಇಷ್ಟು ಚಿಕ್ಕ ಪತ್ರದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಕಂಡದ್ದು ಅಪರೂಪ.

ಮೊದಲು ನಿರಾಶೆಯ ವಾರ್ತೆ: ಪಾಠಪುಸ್ತಕದ ಆ ವಾಯುಮುಖವು ನಾರ್ವಕ್ಕೆ ಬರುವುದೇ ಇಲ್ಲ, ಅದು ನಾರ್ವೆಯ ಸೊತ್ತು. ಮೊದಲನೆಯ ಮಹಾಯುದ್ಧವು ಮುಗಿಯುತ್ತಿದ್ದ ಕಾಲದಲ್ಲಿ ಬರ್ಗೆನ್ ನಗರದ ವಿಲ್ಹೆಲ್ಮ್ ಬ್ಯರ್ಕ್‌ನೆಸ್, ಆತನ ಮಗ ಯಾಕೊಬ್ ಮೊದಲಾದ ವಿದ್ವಾಂಸರು, ಧ್ರುವದ ಕಡೆಯ ಶೀತಲ ವಾಯುರಾಶಿಯೂ ದಕ್ಷಿಣದ ಬೆಚ್ಚನೆಯ ವಾಯುರಾಶಿಯೂ ಸುಲಭವಾಗಿ ಬೆರೆಯದೆ, ನಡುವೆ ನೂರಾರು ಮೈಲಿ ಉದ್ದದ ಓರೆಯಾದ ಎಲ್ಲೆಯೊಂದನ್ನಿಟ್ಟುಕೊಂಡು ಸಾಗುತ್ತವೆಂಬುದನ್ನೂ, ಆ ಓರೆಯ ಮೇಲೆ ಬೆಚ್ಚನೆಯ ಗಾಳಿಯು ಏರಿ ತಣಿದು ಮಳೆಯಾಗಿ, ಚಳಿ ಬಲಿತಲ್ಲಿ ಹಿಮವಾಗಿ ಇಳಿಯುವುದೆಂಬುದನ್ನೂ ತೋರಿಸಿಕೊಟ್ಟರು. ಉಷ್ಣ ಮುಖದ ಏರು ಸೌಮ್ಯವಾದುದರಿಂದ ಅಲ್ಲಿ ಜಿಟಿಜಿಟಿ ಮಳೆ. ಶೀತ ಮುಖವು ಕಡಿದಾದುದರಿಂದ ಅಲ್ಲಿ ಬಿರುಸಿನ, ಅಲ್ಪಕಾಲದ ಮಳೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬಂದು ಕಾಶ್ಮೀರಕ್ಕೆ ಹಿಮವನ್ನೂ ಪಂಜಾಬಿನ ಗೋಧಿಗೆ ನೀರನ್ನೂ ಕೊಡುವ ಕ್ಷೋಭೆಗಳು ಈ ವಂಶದವು. ಆದರೆ ಕೃಷ್ಣಾ ಭೀಮೆಯರು ಕೂಡುವ ನಮ್ಮ ಸೀಮೆಯಲ್ಲಿ, ಸಮಭಾಜಕ ವೃತ್ತಕ್ಕೆ ಹದಿನಾರೇ ಚಿಲ್ಲರೆ ಅಂಶಗಳ ದೂರದಲ್ಲಿ, ಅಕ್ಕಪಕ್ಕದ ವಾಯುರಾಶಿಗಳ ನಡುವೆ ಅಂತಹ ಶೀತೋಷ್ಣಗಳ ಜಗಳವೇ ಇಲ್ಲ. ಇಲ್ಲಿಯ ಮಳೆ ಮಾನ್ಸೂನಿನದು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳದು, ಬೇಸಗೆಯ ಗುಡುಗುಮೋಡಗಳದು. ಇದನ್ನು ಹೇಳದೆ ಬರಿಯ ಯುರೋಪಿನ ಚಿತ್ರವನ್ನು ಬಾಯಿಪಾಠ ಮಾಡಿಸುವ ನಮ್ಮ ಪುಸ್ತಕಗಳ ಮೇಲೆ ನನಗೆ ಹಳೆಯ ಕೋಪವುಂಟು.

ಇನ್ನು ಮುತ್ಯಾನ ಸಿದ್ಧಾಂತ. ಇದು ನಾರ್ವಕ್ಕೆ ಮಾತ್ರ ಸೇರಿದ್ದಲ್ಲ. ಎರಡು ಮೋಡಗಳು ಕೋಣಗಳಂತೆ ಹಾಯ್ದಾಡಿ ಗುಡುಗನ್ನೂ ಮಳೆಯನ್ನೂ ಹುಟ್ಟಿಸುತ್ತವೆಂಬ ನಂಬಿಕೆಯನ್ನು ನಾನು ಪದವೀಧರರ ಬಾಯಲ್ಲಿಯೂ ಕೇಳಿದ್ದೇನೆ. ಮೋಡವೆಂದರೆ ಗಾಳಿಯಲ್ಲಿ ತೇಲುವ ನೀರ ಕಣಗಳ ಸಮೂಹ. ಎರಡು ಮೋಡಗಳು ಕೂಡಿದರೆ ಸದ್ದಿಲ್ಲದೆ ಒಂದಾಗುತ್ತವೆ, ಅಷ್ಟೆ. ಆದರೂ ಮುದುಕನನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಸಂಘಟ್ಟನೆ ಉಂಟು, ಆತನು ಕಣ್ಣಿಟ್ಟಲ್ಲಿ ಇಲ್ಲ.

ಗಾಳಿ ಮೇಲೇರಿ ತಣಿದರೆ ಮೋಡವಾಗುವುದೆಂದು ಎಲ್ಲರೂ ಬಲ್ಲರು. ಮೋಡವು ಮಳೆಯಾಗುವುದು ಹೇಗೆಂದು ಕೇಳುವವರು ಕಡಮೆ. ಮೋಡದ ಒಂದು ಕಣದ ಅಡ್ಡಳತೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು. ಸಾಧಾರಣವಾದ ಒಂದು ಮಳೆಹನಿಯಾಗಬೇಕಾದರೆ ಅಂತಹ ಹತ್ತು ಲಕ್ಷ ಕಣಗಳು ಒಂದಾಗಬೇಕು. ಇವನ್ನು ಒಂದುಗೂಡಿಸುವವರು ಯಾರು? ಉತ್ತರದ ಎಳೆಯು ಸಿಕ್ಕಿದ್ದು ಬರ್ಗೆನ್ನಿನ ಅದೇ ಬಳಗದ ಸ್ವೀಡನ್ ದೇಶದವನಾದ ಟೋರ್ ಬರ್ಜೆರಾನ್ ಎಂಬಾತನಿಗೆ. 1922ರಲ್ಲಿ ಆತನು ಇಂದಿನ ಓಸ್ಲೋ ನಗರದ ಬಳಿಯ ವೋಕ್ಸೆನ್‌ಕೊಲೆನ್ ಗುಡ್ಡದ ಮೇಲೆ ತಂಗಿ, ಶಂಕುವೃಕ್ಷಗಳ ನಡುವಣ ದಾರಿಯಲ್ಲಿ ಅಡ್ಡಾಡುತ್ತಿದ್ದಾಗ ಒಂದು ವಿಚಿತ್ರವನ್ನು ಗಮನಿಸಿದನು. ಉಷ್ಣತೆಯು ಸೊನ್ನೆಗಿಂತ ಮೇಲಿದ್ದ ದಿನ ಮಂಜು ದಾರಿಯ ನೆಲದವರೆಗೂ ಇಳಿಯುತ್ತಿತ್ತು. ಸೊನ್ನೆಗಿಂತ ಸಾಕಷ್ಟು ಕೆಳಗಿಳಿದ ದಿನವಾದರೋ, ಮಂಜು ಮರಗಳ ತಲೆಯ ಮೇಲೆಯೇ ನಿಂತು, ಕೆಳಗೆ ದಾರಿ ನಿರ್ಮಲವಾಗಿರುತ್ತಿತ್ತು. ಕಾರಣವನ್ನು ಆತನೇ ಊಹಿಸಿದನು. ಶುದ್ಧವಾದ ನೀರ ಕಣವು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರಬಲ್ಲದು. ಆದರೆ ಅದರ ನೆರೆಯಲ್ಲಿ ಹಿಮದ ಹರಳಿದ್ದಿತಾದರೆ, ಹರಳಿನ ಮೇಲಣ ಆವಿಯ ಒತ್ತಡವು ನೀರಿನ ಮೇಲಿನದಕ್ಕಿಂತ ಕಡಮೆಯಾದುದರಿಂದ, ಕಣವು ಆರುತ್ತಾ ಹೋಗಿ ಹರಳು ಬೆಳೆಯುತ್ತಾ ಹೋಗುತ್ತದೆ. ಕೊಂಬೆಗಳ ಮೇಲಣ ಹಿಮವು ಮಂಜನ್ನು ಕುಡಿದುಬಿಡುತ್ತಿತ್ತು! ಮೋಡದ ಮೇಲ್ಭಾಗದಲ್ಲಿಯೂ ನಡೆಯುವುದು ಇದೇ; ಒಂದು ಹರಳು ಸುತ್ತಲಿನ ಸಾವಿರಾರು ಕಣಗಳ ಆಸ್ತಿಯನ್ನು ನುಂಗಿ ಭಾರವಾಗಿ, ಕೆಳಗೆ ಬೀಳುವಾಗ ಇನ್ನಷ್ಟು ಕಣಗಳನ್ನು ಅಂಟಿಸಿಕೊಂಡು, ಕರಗಿ ಹನಿಯಾಗುತ್ತದೆ. 1933ರಲ್ಲಿ ಲಿಸ್ಬನ್ನಿನ ಸಮ್ಮೇಳನದಲ್ಲಿ ಆತನು ಇದನ್ನು ವಿದ್ವಾಂಸರ ಮುಂದಿಟ್ಟನು.

ಅಂದಮೇಲೆ ವೈಶಾಖದ ಉರಿಯಲ್ಲಿ ನಾರ್ವದ ಕರಿನೆಲದ ಮೇಲೆ ಪಟಪಟನೆ ಬೀಳುವ ದಪ್ಪ ಹನಿಗಳಲ್ಲಿ ಬಹುಪಾಲು ಸ್ವಲ್ಪ ಹೊತ್ತಿನ ಮುಂಚೆ ಮಂಜುಗಡ್ಡೆಯಾಗಿದ್ದವು! ನೆಲದಲ್ಲಿ ನಾಲ್ವತ್ತು ಡಿಗ್ರಿಯ ಕಾವಿದ್ದರೂ ಸುಮಾರು ಐದು ಕಿಲೋಮೀಟರು ಮೇಲೆ ನೀರು ಹೆಪ್ಪುಗಟ್ಟುವ ಚಳಿಯಿದೆ. ಗುಡುಗುಮೋಡದ ನೆತ್ತಿ ಅದರ ಎರಡರಷ್ಟು, ಮೂರರಷ್ಟು ಎತ್ತರಕ್ಕೆ ಹೋಗುತ್ತದೆ. ಆಲಿಕಲ್ಲು ಬಿದ್ದಾಗ ಜನ ಆಶ್ಚರ್ಯಪಡುತ್ತಾರೆ. ದಾರಿಯಲ್ಲಿ ಕರಗಲು ವೇಳೆ ಸಾಲದೆ ಹೋದ ಮಳೆ ಅದು. ಗುಡುಗಿಗೂ ಮೂಲ ಅಲ್ಲಿಯೇ: ಹಿಮದ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ತಾಕಲಾಡಿ ವಿದ್ಯುತ್ತನ್ನು ಹಂಚಿಕೊಳ್ಳುತ್ತವೆ. ಮಾನ್ಸೂನಿನ ತಗ್ಗಿನ ಮೋಡಗಳಲ್ಲಾದರೋ ಹಿಮದ ಹಂಗಿಲ್ಲದೆ, ದೊಡ್ಡ ಕಣಗಳು ಚಿಕ್ಕವನ್ನು ಹಾಯ್ದು ಸೇರಿಸಿಕೊಂಡೇ ಮಳೆಯಾಗುವುದುಂಟು. ಮುತ್ಯಾನಿಗೆ ಇಲ್ಲಿ ಎರಡು ಅಂಕಗಳನ್ನು ಕೊಡಬಹುದು.

2003ರಲ್ಲಿ ಕರ್ನಾಟಕ ಸರಕಾರವು ‘ವರುಣ’ ಯೋಜನೆಯಲ್ಲಿ ವಿಮಾನಗಳಿಂದ ಮೋಡಬಿತ್ತನೆ ಮಾಡಿಸಿತಷ್ಟೆ. ಅಂತಹ ಬಿತ್ತನೆಗೆ ಬಳಸುವ ಬೆಳ್ಳಿಯ ಅಯೊಡೈಡಿನ ಕಣವು ಹಿಮದ ಹರಳಿಗೆ ಅಚ್ಚಾಗಬಲ್ಲದು. ಆದರೆ ಮೋಡವೇ ಇಲ್ಲದಲ್ಲಿ ಅದು ಏನನ್ನೂ ಮಾಡಲಾರದು. ವಿಮಾನಕ್ಕೆ ಆಗದ್ದು ಮಂಡೂಕಕ್ಕೆ ಆದೀತೆ? ಬರ ಬಂದಾಗ ಕಪ್ಪೆಗಳೆರಡನ್ನು ಹಿಡಿದು, ಅರಿಸಿನ ಹಚ್ಚಿ, ಬ್ಯಾಂಡು ಬಾಜಾ ಸಹಿತ ಮದುವೆ ಮಾಡಿಸುವ ಹಿರಿಯರಿಗೆ ನಾಚಿಕೆಯಾಗಬೇಕು. ಮಕ್ಕಳು ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಯಲ್ಲಿ ನೀರು ಹೊಯ್ಯಿಸಿಕೊಳ್ಳುವುದನ್ನು ಮಾತ್ರ ನಾನು ಆಕ್ಷೇಪಿಸಲಾರೆ. ಅದು ಆಟ, ಕಪ್ಪೆಗೆ ಹಿಂಸೆಯಿಲ್ಲ.

ಈಗ ಹುಡುಗನ ಪ್ರಶ್ನೆಗೆ ಮರಳೋಣ, ಏಕೆಂದರೆ ಆತನ ಊರಿಗೂ ಒಂದು ಮುಖ ಬರುತ್ತದೆ. ಒಂದು ಬೇಸಗೆಯ ಅಪರಾಹ್ನ ಜೂರಾಲ ಅಣೆಕಟ್ಟಿನ ಮೇಲೆ ನಿಂತು ನಾನು ಅದನ್ನು ಕಣ್ಣಾರೆ ಕಂಡೆ. ಬಾನಂಚಿನಲ್ಲಿ ಕರಿಯ ಮೋಡ. ಇತ್ತ ಎಲೆಯೊಂದೂ ಅಲುಗದ ಧಗೆ. ಒಮ್ಮೆಲೆ ಗಾಳಿ ದಿಕ್ಕನ್ನು ಬದಲಿಸಿತು, ಧೂಳಿನ ಗೋಡೆಯೊಂದು ಎದ್ದು ಬಂತು, ಅದು ಮೈಗೆ ತಾಕಿದಾಗ ತಂಪಾಗಿತ್ತು, ಹಸಿಮಣ್ಣಿನ ವಾಸನೆಯಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಮೋಡದ ಕೆಳಗಿನ ಒಣಗಾಳಿಯಲ್ಲಿ ಹನಿಗಳ ಒಂದು ಪಾಲು ಆರಿಹೋಗುವಾಗ ಆ ಗಾಳಿ ತಣಿದು ಭಾರವಾಗಿ ಕೆಳಗೆ ಕುಸಿಯುತ್ತದೆ. ನೆಲಕ್ಕೆ ತಾಕಿ ಎಲ್ಲ ದಿಕ್ಕಿಗೂ ಹರಡುತ್ತದೆ. ಅದರ ಮುಂಚೂಣಿಯು ಬೆಣೆಯಂತೆ ಬೆಚ್ಚನೆಯ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲೆತ್ತುತ್ತದೆ. ಬ್ಯರ್ಕ್‌ನೆಸರ ಶೀತ ಮುಖವು ಮಾಡುವ ಕೆಲಸವೂ ಇದೇ. ಅದು ದೇಶಗಳನ್ನು ದಾಟಿ ದಿನಗಟ್ಟಲೆ ನಡೆಯುತ್ತದೆ, ಇದು ಕೆಲವು ಹಳ್ಳಿಗಳನ್ನು ದಾಟಿ ಒಂದೆರಡು ಗಂಟೆಯಲ್ಲಿ ಅಳಿಯುತ್ತದೆ. ಮಕ್ತಲದ ಕಡೆಯಿಂದ ಬಂದೀತು, ಗದ್ವಾಲದ ಕಡೆಯಿಂದಲೂ ಬಂದೀತು. ಮೋಡ ಎಲ್ಲಿ ಸುರಿಯುತ್ತಿದೆಯೋ ಅಲ್ಲಿಂದ.

ಕೆಲವೊಮ್ಮೆ ಎರಡೂ ಕಡೆಯಿಂದ ಒಮ್ಮೆಗೇ ಬರುವುದುಂಟು. ಎರಡು ಮೋಡಗಳ ಅಡಿಯಿಂದ ಹೊರಟ ಎರಡು ತಂಪು ಮುಖಗಳು ನಡುವಿನ ಹೊಲಗಳ ಮೇಲೆ ಎದುರುಬದುರಾದಾಗ, ಸಿಕ್ಕಿಬಿದ್ದ ಬೆಚ್ಚನೆಯ ಗಾಳಿಗೆ ಮೇಲೇರದೆ ಗತ್ಯಂತರವಿಲ್ಲ; ಬರಿದಾಗಿದ್ದ ಆಕಾಶದಲ್ಲಿ ಅರ್ಧ ಗಂಟೆಯಲ್ಲಿ ಹೊಸ ಮೋಡವೊಂದು ಗೋಪುರದಂತೆ ಏಳುತ್ತದೆ. ಹವಾಮಾನ ಇಲಾಖೆಯವರು ಹೈದರಾಬಾದಿನಲ್ಲಿ ಇಟ್ಟಿರುವಂತಹ ರಾಡಾರುಗಳಲ್ಲಿ ಈ ಮುಖಗಳು, ಹೊತ್ತು ತರುವ ಧೂಳು ಕೀಟಗಳ ದೆಸೆಯಿಂದ, ಕೂದಲೆಳೆಯಂತಹ ಗೆರೆಗಳಾಗಿ ಕಾಣಬಲ್ಲವು. ಗೆರೆಗೆ ಗೆರೆ ಕೂಡುವ ಬಿಂದುವನ್ನು ನೋಡಿ ಮುಂದಿನ ಮಳೆ ಎಲ್ಲಿ ಹುಟ್ಟೀತೆಂದು ಹವಾಮಾನತಜ್ಞರು ಊಹಿಸುತ್ತಾರೆ. ಒಂದು ಊರಿನ ತೊಗರಿಯ ಹೊಲ ನೆನೆದು, ಮಗ್ಗುಲ ಊರಿನ ಹತ್ತಿಯ ಹೊಲ ಒಣಗಿಯೇ ಉಳಿಯುವುದಕ್ಕೆ, ಆ ಬಿಂದು ಅರ್ಧ ಹರದಾರಿ ಆಚೆ ಬಿದ್ದದ್ದೂ ಒಂದು ಕಾರಣವಾಗಿರಬಹುದೆಂದು ಹುಡುಗನು ಮುತ್ಯಾನಿಗೆ ಹೇಳಲಿ. ಹಾಯ್ದಾಡಿದ್ದು ಮೋಡಗಳಲ್ಲ, ಅವುಗಳ ಬುಡದಿಂದ ಹೊರಟ ಗಾಳಿಗಳು ಎಂಬುದನ್ನೂ ಸೇರಿಸಿ ಹೇಳಲಿ.